ಸುಗ್ಗಿಗೆ ಹೋದವರ ಲೆಕ್ಕ

ಕಾಸರಗೋಡಿನ ಮಿತ್ರರೊಬ್ಬರು ಈ ವಾರ್ಷಿಕ ಸಂಚಿಕೆಗಾಗಿ ಆದವಾನಿ ಸೀಮೆಯ ಕನ್ನಡದ ಬಗ್ಗೆ ಒಂದು ಲೇಖನ ಬರೆದು ಕಳಿಸಬೇಕೆಂದು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ಗಡಿನಾಡಿನವರ ಕಷ್ಟ ಗಡಿನಾಡಿನವರಿಗೇ ಅರ್ಥವಾಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಡಿಸಿ ಹೊಸ ಆಂಧ್ರ ರಾಜ್ಯಕ್ಕೆ ಸೇರಿಸಿದರು. ನಿಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಮೂರು ವರ್ಷದ ಅಂತರದಲ್ಲಿ ಒಂದೇ ಬಗೆಯ ಗಾಯ.

ಆದರೆ ಬರೆಯಲು ಕುಳಿತಾಗ ಶಾಸನ, ಕೋಟೆ, ಕವಿಗಳ ವಿಚಾರಕ್ಕಿಂತ ಮೊದಲು ನೆನಪಾದದ್ದು ಒಂದು ಹಾಜರಿ ಪುಸ್ತಕ. ನಾನು ಬಹಳ ವರ್ಷ ಈ ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿದವನು. ಜೂನ್ ತಿಂಗಳಲ್ಲಿ ಪುಸ್ತಕದ ತುಂಬ ಹೆಸರು. ದೀಪಾವಳಿ ಕಳೆದ ಮೇಲೆ ಒಂದೊಂದೇ ಹೆಸರಿನ ಮುಂದೆ 'ಗೈರು', 'ಗೈರು' ಎಂದು ಬರೆಯುವ ಕೆಲಸ. ಸಂಕ್ರಾಂತಿಯ ಹೊತ್ತಿಗೆ ಅರ್ಧಕ್ಕರ್ಧ ಬೆಂಚು ಖಾಲಿ. ಉಳಿದ ಮಕ್ಕಳನ್ನು ಕೇಳಿದರೆ ಒಂದೇ ಉತ್ತರ: "ಸುಗ್ಗಿಗೆ ಹೋಗ್ಯಾರ್ರೀ ಸಾರ್."

ಸುಗ್ಗಿ ಎಂದರೆ ನಮಗೆಲ್ಲ ಕಣದಲ್ಲಿ ರಾಶಿ, ಮನೆಯಲ್ಲಿ ಹೋಳಿಗೆ. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕೋಸಿಗಿ, ಕೌತಾಳ, ಮಂತ್ರಾಲಯ, ಪೆದ್ದಕಡಬೂರು, ಹೊಳಗುಂದ, ಹಾಲಹರವಿ, ಆಲೂರು ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಎಂದರೆ ಗುಳೆ. ತಮ್ಮ ಹೊಲದಲ್ಲಿ ಸುಗ್ಗಿಯಿಲ್ಲದೆ ಪರರ ಸುಗ್ಗಿಗೆ ಗುಂಟೂರು ಸೀಮೆಯ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಇಲ್ಲವೆ ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗುವುದು. ಮನೆಯಲ್ಲಿ ಮುದುಕರು ಉಳಿಯುತ್ತಾರೆ; ಮಕ್ಕಳು ತಂದೆತಾಯಿಗಳ ಹಿಂದೆ ಹೋಗುತ್ತಾರೆ. ಅದೇ ಕನ್ನಡ ಮಾತು, ಅರ್ಥ ಮಾತ್ರ ತಲೆಕೆಳಗು.

ಈಚಿನ ವರ್ಷಗಳಲ್ಲಿ 'ಹವಾಮಾನ ನ್ಯಾಯ' ಎಂಬ ಹೊಸ ಮಾತು ಬಂದಿದೆ. ಭೂಮಿಯನ್ನು ಬಿಸಿ ಮಾಡಿದವರು ಒಬ್ಬರು, ಅದರ ಬೇಗೆ ಉಣ್ಣುವವರು ಮತ್ತೊಬ್ಬರು. ಆದ್ದರಿಂದ ನಷ್ಟದ ಲೆಕ್ಕ ಚುಕ್ತಾ ಆಗಬೇಕು ಎಂಬುದು ಅದರ ತಿರುಳು. 2019ರ ಸೆಪ್ಟೆಂಬರ್ 20ರಂದು ಈ ಹೆಸರಿನಲ್ಲಿ ಪ್ರಪಂಚದ ನೂರಾರು ನಗರಗಳಲ್ಲಿ, ಬೆಂಗಳೂರಿನಲ್ಲಿಯೂ, ಯುವಕ ಯುವತಿಯರು ಬೀದಿಗಿಳಿದರು. ಪತ್ರಿಕೆಯಲ್ಲಿ ಓದಿದಾಗ ಇದು ನಗರದವರ ವಿಚಾರವೆಂದು ನಾನು ಪುಟ ತಿರುವಿದೆ. ಆಮೇಲೆ ಯೋಚಿಸಿದರೆ, ಆ ಹೆಸರೊಂದನ್ನು ಬಿಟ್ಟರೆ ನಮ್ಮ ಸೀಮೆಯವರು ಸುಮಾರು ನೂರೈವತ್ತು ವರ್ಷಗಳಿಂದ ಕೇಳುತ್ತ ಬಂದದ್ದು ಇದನ್ನೇ. ಆ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ನಿಮ್ಮದು ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ನಾಡು. ನಮ್ಮಲ್ಲಿ ಅದರ ಐದನೆಯ ಒಂದು ಪಾಲು ಬಿದ್ದರೆ ಒಳ್ಳೆಯ ವರ್ಷ. ಎರೆ ಭೂಮಿ, ಮುಂಗಾರಿಗೆ ಹತ್ತಿ, ಹಿಂಗಾರಿಗೆ ಜೋಳ, ಕಡಲೆ. ಮುಂಗಾರು ಕೈಕೊಟ್ಟರೆ ಹಿಂಗಾರಿನ ಮೇಲೆ ಭರವಸೆ, ಎರಡೂ ಕೈಕೊಟ್ಟರೆ ಗುಳೆ. 1876ರಲ್ಲಿ ಎರಡೂ ಕೈಕೊಟ್ಟವು. ಮರುವರ್ಷದ ಮುಂಗಾರೂ ತೀರ ತಡವಾಯಿತು. ಅದನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದ ಧಾತು ಈಶ್ವರ ಬರ ಎಂದು ಕರೆದರು. ನಮ್ಮಜ್ಜಿ ಆ ಬರವನ್ನು ಕಂಡವಳಲ್ಲ. ಅವಳ ಅಜ್ಜಿ ಕಂಡವಳು. ಆದರೂ ಊಟದ ತಟ್ಟೆಯಲ್ಲಿ ನಾವು ಅನ್ನ ಬಿಟ್ಟರೆ "ಧಾತು ವರ್ಷ ಮರ್ತೀರೇನು?" ಎಂದು ಗದರಿಸುತ್ತಿದ್ದಳು.

ಆ ಬರಕ್ಕೆ ಕಾರಣ ಆಕಾಶದಲ್ಲಿಯೂ ಇತ್ತು, ಕಚೇರಿಯಲ್ಲಿಯೂ ಇತ್ತು. ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ 'ಎಲ್ ನಿನೊ' 1877-78ರಲ್ಲಿ ಬಹು ಪ್ರಬಲವಾಗಿತ್ತೆಂದು ಇಂದಿನ ವಿಜ್ಞಾನಿಗಳು ಗುರುತಿಸಿದ್ದಾರೆ. ಆಗ ಚೀನಾ, ಬ್ರೆಜಿಲ್, ಈಜಿಪ್ಟ್ ದೇಶಗಳಲ್ಲಿಯೂ ಕ್ಷಾಮ. ಆದರೆ ಮಳೆ ಬರದಿದ್ದರೆ ಬೆಳೆ ಸಾಯುತ್ತದೆ. ಜನ ಸಾಯಬೇಕೆಂಬ ನಿಯಮವೇನೂ ಇಲ್ಲ. ಬಳ್ಳಾರಿ ಜಿಲ್ಲೆ ಎದ್ದುಬಿದ್ದು ಒದ್ದಾಡುತ್ತಿದ್ದಾಗಲೇ, 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದನು. ಅದೇ ತಿಂಗಳು ಬರ ಪರಿಹಾರದ ಖರ್ಚು ತಗ್ಗಿಸಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದರಾಸು ಪ್ರಾಂತ್ಯಕ್ಕೆ ಬಂದನು. ಕಲ್ಲು ಒಡೆಯುವ, ಕೆರೆ ತೋಡುವ ಕೂಲಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಅಷ್ಟಿಷ್ಟು ಚಿಲ್ಲರೆ ಸಾಕೆಂದು ಅವನು ನಿಗದಿ ಮಾಡಿದನು. ಇಷ್ಟರಲ್ಲಿ ಮನುಷ್ಯ ದುಡಿದು ಬದುಕಲಾರನೆಂದು ಮದರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಷ್ ಬರೆದು ಬರೆದು ವಾದಿಸಿದ ಮೇಲೆ, ಆ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಿದರು. ಅಷ್ಟರಲ್ಲಿ ಬಹಳ ಜನ ಹೋಗಿಯಾಗಿತ್ತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಸೀಮೆ ತನ್ನ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನೂ, ಕರ್ನೂಲು ಜಿಲ್ಲೆ ಇನ್ನೂ ಹೆಚ್ಚಿನ ಪಾಲನ್ನೂ ಕಳೆದುಕೊಂಡವು.

ರೈಲು ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು. ಮದರಾಸಿನಿಂದ ಆದವಾನಿಯ ಮೇಲೆ ರಾಯಚೂರಿಗೆ ಹೋಗುವ ದಾರಿ 1871ರಲ್ಲಿಯೇ ಮುಗಿದಿತ್ತು. ರೈಲು ಧಾನ್ಯ ತಂದದ್ದೂ ನಿಜ. ಆದರೆ ಕೊಳ್ಳುವ ಕಾಸು ಇಲ್ಲದವನಿಗೆ ನಿಲ್ದಾಣದಲ್ಲಿ ಬಿದ್ದ ಮೂಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದೇ ವರ್ಷಗಳಲ್ಲಿ ಹಿಂದುಸ್ಥಾನದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಇಂದು ಕೋಸಿಗಿ, ಆದವಾನಿ ನಿಲ್ದಾಣಗಳಲ್ಲಿ ಸುಗ್ಗಿಗೆ ಹೊರಟವರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕಾಯುವುದೂ ಇದೇ ಹಳಿಗಳ ಪಕ್ಕದಲ್ಲಿಯೇ.

ಆ ಬರದಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೊಂಬಾಯಿ ಪ್ರಾಂತ್ಯದ ಕಾಮಗಾರಿಗಳಲ್ಲಿ ಕೂಲಿಗಳು ಒಂದು ಪೌಂಡಿನ ಕೂಲಿಯನ್ನು ಒಪ್ಪದೆ ಕೆಲಸ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯವರು ಹಳ್ಳಿ ಹಳ್ಳಿಯಿಂದ ವರದಿ ತರಿಸಿ, ಯಾವ ಊರಿನಲ್ಲಿ ಎಷ್ಟು ಬೆಳೆ, ಎಷ್ಟು ದನ, ಎಷ್ಟು ಜನ ಎಂದು ಲೆಕ್ಕ ಬರೆದು ಸರಕಾರಕ್ಕೆ ಕಳಿಸಿದರು. ಮದರಾಸಿನಲ್ಲಿ ಪತ್ರಿಕೆಯ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ಈ ಕ್ಷಾಮದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದನು. ಇಂಥ ಬರಹಗಳ ಒತ್ತಡವೂ ಸೇರಿ 1880ರಲ್ಲಿ ಕ್ಷಾಮ ಆಯೋಗದ ವರದಿ, ಅನಂತರ ಕ್ಷಾಮ ಸಂಹಿತೆ ಬಂದವು. ಮಳೆ ಹೋದಾಗ ಕೆಲಸ ಕೊಡುವುದು ಸರಕಾರದ ಹೊಣೆಯೆಂದು ಕಾಗದದ ಮೇಲಾದರೂ ಮೂಡಿತು. ಬೇಡಿದ್ದಕ್ಕಿಂತ ಲೆಕ್ಕ ಕೇಳಿದ್ದು ಹೆಚ್ಚು ಫಲ ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಇನ್ನು 1953ಕ್ಕೆ ಬರೋಣ. ಬಳ್ಳಾರಿ ಯಾರದು ಎಂಬ ವಾದದಲ್ಲಿ ನ್ಯಾಯಮೂರ್ತಿ ವಾಂಛೂ, ಅನಂತರ ನ್ಯಾಯಮೂರ್ತಿ ಮಿಶ್ರಾ ವರದಿ ಕೊಟ್ಟರು. ಬಳ್ಳಾರಿ ತಾಲ್ಲೂಕು ಮೈಸೂರಿಗೆ ಉಳಿಯಿತು, ನಾವು ಆಂಧ್ರಕ್ಕೆ ಹೋದೆವು. ಎಲ್ಲರೂ ಎಣಿಸಿದ್ದು ಎಷ್ಟು ಜನ ಕನ್ನಡ, ಎಷ್ಟು ಜನ ತೆಲುಗು ಎಂದು. ಅದೇ ವರ್ಷ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಅಣೆಕಟ್ಟು ಮೈಸೂರಿನಲ್ಲಿ, ಕೆಳಮಟ್ಟದ ಕಾಲುವೆಯ ಕೊನೆಯ ಹೊಲಗಳು ನಮ್ಮಲ್ಲಿ, ನಡುವೆ ತುಂಗಭದ್ರಾ ಮಂಡಳಿ. ಕರ್ನೂಲು ಜಿಲ್ಲೆಯಲ್ಲಿ ಈ ಕಾಲುವೆಯಿಂದ ಸುಮಾರು ಒಂದೂವರೆ ಲಕ್ಷ ಎಕರೆಗೆ ನೀರೆಂದು ಯೋಜನೆ. ಕಾಲುವೆಯ ಕೊನೆಯವನ ಪಾಡು ಏನೆಂದು ರೈತರಿಗೆ ಹೇಳಬೇಕಾಗಿಲ್ಲ. ಮೇಲಿನವನು ಉಂಡು ಮಿಕ್ಕಿದ್ದು ಕೆಳಗಿನವನಿಗೆ.

ಆ ಮಿಕ್ಕಿದ್ದೂ ಈಗ ಕಡಿಮೆಯಾಗಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿಗೆ ಚೂರು ಮೇಲೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರ ತುಂಬಿದ ಜಲಾಶಯ ಬರಿದಾಗುವುದನ್ನು ಎರಡು ರಾಜ್ಯಗಳ ರೈತರು ನೋಡುತ್ತ ಕೂತರು. ಮರುವರ್ಷ ಮಳೆ ಚೆನ್ನಾಗಿದ್ದರೂ ಹಳೆಯ ಗೇಟುಗಳ ಭಯದಿಂದ ಸುಮಾರು 80 ಟಿಎಂಸಿಗೇ ನಿಲ್ಲಿಸಬೇಕಾಯಿತು.

ಬರದ ಸೀಮೆಗೆ ನೆರೆಯ ಭಯವಿಲ್ಲವೆಂದು ನಾವು ತಿಳಿದಿದ್ದೆವು. 2009 ಆ ನಂಬಿಕೆಯನ್ನೂ ಕಳೆಯಿತು. ಆ ವರ್ಷ ದೇಶದಲ್ಲೆಲ್ಲ ಮುಂಗಾರು ಶೇಕಡಾ 22ರಷ್ಟು ಕಡಿಮೆ. ಬೆಳೆ ಒಣಗಿತೆಂದು ಜನ ಬರದ ಅರ್ಜಿ ಬರೆಯುತ್ತಿದ್ದಾಗಲೇ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯ ಮುಳುಗಿತು, ಕರ್ನೂಲು ಪಟ್ಟಣ ಮುಳುಗಿತು. ಒಂದೇ ವರ್ಷದಲ್ಲಿ ಬರವೂ ನೆರೆಯೂ. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹಿಡಿದಿಟ್ಟುಕೊಂಡು ಒಮ್ಮೆಲೇ ಸುರಿಸುತ್ತದೆ, ನಡುವಿನ ಒಣ ದಿನಗಳು ಉದ್ದವಾಗುತ್ತವೆ ಎನ್ನುತ್ತಾರೆ ತಿಳಿದವರು. ಭಾರತೀಯನೊಬ್ಬ ಸರಾಸರಿ ಹೊರಬಿಡುವ ಇಂಗಾಲದ ಅನಿಲ ಪ್ರಪಂಚದ ಸರಾಸರಿಯ ಅರ್ಧಕ್ಕೂ ಕಡಿಮೆ. ಅದರಲ್ಲಿ ಕೋಸಿಗಿಯ ಕೂಲಿಯವಳ ಪಾಲು ಎಷ್ಟಿದ್ದೀತು? ಅವಳ ಒಲೆಗೆ ಹತ್ತಿಯ ಕಟ್ಟಿಗೆಯೇ ಗತಿ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ನನ್ನ ತಪ್ಪೊಪ್ಪಿಗೆಯೂ ಹೌದು.

ನಮ್ಮ ತುಂಗಭದ್ರೆ ಕರ್ನೂಲನ್ನು ದಾಟಿ ಪೂರ್ವಕ್ಕೆ ಹರಿದು ಸಂಗಮೇಶ್ವರದ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಶ್ರೀಶೈಲ ಜಲಾಶಯದ ಹಿನ್ನೀರು. ಆ ಜಲಾಶಯದ ಮಟ್ಟ 854 ಅಡಿಗಿಂತ ಕೆಳಗಿಳಿದರೆ ರಾಯಲಸೀಮೆಯ ಕಾಲುವೆಗೆ ಸರಿಯಾಗಿ ನೀರು ಹತ್ತುವುದಿಲ್ಲ. ಆದ್ದರಿಂದ ಸಂಗಮದ ಬಳಿಯ ಸಿದ್ಧೇಶ್ವರಂ ಎಂಬಲ್ಲಿ ಹೊಳೆಗೆ ಅಡ್ಡವಾಗಿ ಒಂದು ಒಡ್ಡು ಕಟ್ಟಬೇಕೆಂಬುದು ರೈತರ ಹಳೆಯ ಬೇಡಿಕೆ. ತೆಲುಗಿನಲ್ಲಿ ಅದನ್ನು 'ಅಲುಗು' ಎನ್ನುತ್ತಾರೆ. ಸರಕಾರ ಕಟ್ಟಲಿಲ್ಲ. 2016ರ ಮೇ 31ರಂದು ರಾಯಲಸೀಮ ಸಾಗುನೀಟಿ ಸಾಧನ ಸಮಿತಿಯವರು, ಬೊಜ್ಜಾ ದಶರಥರಾಮಿ ರೆಡ್ಡಿಯವರ ಮುಂದಾಳುತನದಲ್ಲಿ, ಜನರೇ ಹೋಗಿ ಶಂಕುಸ್ಥಾಪನೆ ಮಾಡೋಣವೆಂದು ಕರೆ ಕೊಟ್ಟರು. ಯಾವ ಪಕ್ಷದ ಬಾವುಟವೂ ಇರಲಿಲ್ಲ. ಪೊಲೀಸರು ದಾರಿಗಳಲ್ಲಿ ತಡೆದರು. ಸಾವಿರಾರು ಜನ ರೈತರು ಆ ಉರಿಬಿಸಿಲಿನಲ್ಲಿ ನಡೆದುಕೊಂಡೇ ಹೋಗಿ ಕಲ್ಲು ಇಟ್ಟುಬಂದರು. ಅಂದಿನಿಂದ ಪ್ರತಿ ವರ್ಷ ಮೇ 31 ಆ ಸೀಮೆಯವರಿಗೆ ನೆನಪಿನ ದಿನವಾಗಿದೆ. ತುಂಗಭದ್ರೆಗೆ ಗುಂಡ್ರೇವುಲ ಜಲಾಶಯ, ಆಲೂರು ಕಡೆಗೆ ವೇದಾವತಿ ಅಂದರೆ ನಮ್ಮ ಹಗರಿಯ ನೀರಿನ ಯೋಜನೆ, ಇವೂ ಅದೇ ಕೂಗಿನೊಳಗೆ ಸೇರಿಕೊಂಡಿವೆ.

ಆ ಮೇ ತಿಂಗಳಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಹೊಳಗುಂದದ ಕಡೆಯ ರೈತರು. "ಸಾರ್, ನಾವು ನಾಕು ಮಂದಿ ರೊಟ್ಟಿ ಕಟ್ಕೊಂಡು ಹೊಂಟೀವಿ. ನೀವೂ ಬರ್ರಿ. ನಮ್ಮ ಕಡಿಂದ ಒಂದು ಮಾತು ಹೇಳೋರು ಬೇಕು" ಎಂದರು. ನಾನು ಅಂದೆ: "ಅದು ತೆಲುಗಿನೋರ ಹೋರಾಟ ಅಲ್ಲೇನಪ್ಪ? ನಮಗೆ ನಮ್ಮ ಶಾಲೆ ಉಳಿಸೋದೇ ಸಾಕಾಗೇತಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ಹೆಂಗ್ರಿ ಸಾರ್, ನಮ್ಮ ಹೊಲ ಒಣಗಿದ್ದು ತೆಲುಗಿನಾಗೇನ್ರಿ?" ಎಂದು ನಕ್ಕು ಎದ್ದು ಹೋದರು. ನಾನು ಹೋಗಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ಅವರ ಮಗನ ಹೆಸರಿನ ಮುಂದೆಯೂ 'ಗೈರು' ಎಂದು ನಾನೇ ಬರೆದೆ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ನಮ್ಮ ಸಂಘದಲ್ಲಿ ನಾವು ಪ್ರತಿ ನವೆಂಬರಿನಲ್ಲಿ ಕನ್ನಡ ಶಾಲೆಗಳು ಏಕೆ ಬಡವಾಗುತ್ತಿವೆ ಎಂದು ಭಾಷಣ ಮಾಡುತ್ತಿದ್ದೆವು. ಪಠ್ಯಪುಸ್ತಕ ತಡವಾಗಿ ಬರುತ್ತದೆ, ಮಾಸ್ತರರ ಹುದ್ದೆ ತುಂಬುವುದಿಲ್ಲ, ನೌಕರಿಗೆ ತೆಲುಗು ಬೇಕು. ಎಲ್ಲವೂ ನಿಜವೇ. ಆದರೆ ಸಂಘದ ಬಾಗಿಲಿನ ಮುಂದೆಯೇ ಆ ತಿಂಗಳು ಜನ ಗಂಟು ಹೊತ್ತು ನಿಲ್ದಾಣಕ್ಕೆ ಹೋಗುತ್ತಿದ್ದರು. ಶಾಲೆ ಖಾಲಿಯಾಗುವುದಕ್ಕೆ ಭಾಷೆಯಷ್ಟೇ ಮಳೆಯೂ ಕಾರಣವೆಂದು ನಾನು ಒಮ್ಮೆಯೂ ವೇದಿಕೆಯ ಮೇಲೆ ಹೇಳಲಿಲ್ಲ. ಐದಾರು ತಿಂಗಳು ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿ ಕಳೆದ ಮಗುವಿಗೆ ಕನ್ನಡ ಅಕ್ಷರವೂ ಹೋಗುತ್ತದೆ, ತೆಲುಗು ಅಕ್ಷರವೂ ಬರುವುದಿಲ್ಲ.

ಕೊನೆಗೆ ನನ್ನ ಕಣ್ಣು ತೆರೆಸಿದ್ದು ಕಪ್ಪಟ್ರಾಳ್ಲ. ಆದವಾನಿಯ ಪೂರ್ವಕ್ಕೆ ದೇವನಕೊಂಡ ಮಂಡಲದ ಊರು. ಒಂದು ಕಾಲಕ್ಕೆ ಬಣಗಳ ಕೊಲೆ, ಸೇಡಿಗೆ ಹೆಸರಾಗಿತ್ತು. 2024ರಲ್ಲಿ ಅಲ್ಲಿಯ ಮೀಸಲು ಅರಣ್ಯದ 468 ಹೆಕ್ಟೇರಿನಲ್ಲಿ ಯುರೇನಿಯಂ ಇದೆಯೇ ಎಂದು ಪರೀಕ್ಷಿಸಲು 68 ಕೊಳವೆ ಕೊರೆಯುವ ಪ್ರಸ್ತಾಪದ ಸುದ್ದಿ ಹಬ್ಬಿತು. ಇದ್ದಬದ್ದ ಅಂತರ್ಜಲಕ್ಕೆ ವಿಷ ಬಿದ್ದರೆ ಎಲ್ಲಿಗೆ ಹೋಗುವುದೆಂದು ಸುತ್ತಲಿನ ಹಳ್ಳಿಗಳವರು ಒಂದಾದರು. ನವೆಂಬರ್ ಮೊದಲ ವಾರದಲ್ಲಿ ಕರ್ನೂಲು-ಬಳ್ಳಾರಿ ರಸ್ತೆಗೆ ಬಂದು ಕುಳಿತರು. ಕೆಲವೇ ದಿನಗಳಲ್ಲಿ ರಾಜ್ಯ ಸರಕಾರ ಆ ಕೆಲಸವನ್ನು ನಿಲ್ಲಿಸುವುದಾಗಿ ಹೇಳಿತು. ಕಲ್ಲಿದ್ದಲಿನ ಹೊಗೆ ಬೇಡ, ಶುದ್ಧ ವಿದ್ಯುತ್ತು ಬೇಕು ಎಂಬುದು ಸರಿಯೇ. ಇದೇ ಜಿಲ್ಲೆಯ ಓರ್ವಕಲ್ಲಿನ ಕಡೆ 2017ರಲ್ಲಿ 1,000 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರ ತಲೆ ಎತ್ತಿತು. ನಮ್ಮ ಬಿಸಿಲು ಬೇರೆಯವರ ಮನೆಗೆ ಬೆಳಕಾಗುತ್ತಿದೆ. ಆದರೆ ಆ ಶುದ್ಧತೆಗೆ ಬೆಲೆ ತೆರುವವರು ಯಾರೆಂದು ಕೇಳುವುದೂ ನ್ಯಾಯವೇ. ಆ ರಸ್ತೆಯಲ್ಲಿ ಕುಳಿತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಹೇಳಿದ: "ಸಾರ್, ಹಿಂದೆ ಒಬ್ಬರ ಮುಖ ಒಬ್ಬರು ನೋಡದವರು ಇವತ್ತು ಒಂದೇ ಬಿಂದಿಗೆ ನೀರು ಕುಡಿದ್ರು."

ಹೊರಗಿನ ಪ್ರಪಂಚವೂ ನಿಧಾನವಾಗಿ ಈ ಮಾತಿಗೆ ಕಿವಿಗೊಡುತ್ತಿದೆ. 2022ರಲ್ಲಿ ಈಜಿಪ್ಟಿನಲ್ಲಿ ಸೇರಿದ ರಾಷ್ಟ್ರಗಳು ಹವಾಮಾನದಿಂದ ನಷ್ಟ ಹೊಂದಿದ ಬಡ ದೇಶಗಳಿಗಾಗಿ ನಿಧಿಯೊಂದನ್ನು ತೆರೆಯಲು ಒಪ್ಪಿದವು. 2024ರ ಮಾರ್ಚ್ 21ರ ತೀರ್ಪಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳ ಪ್ರಕಾರ ಪ್ರಜೆಗಳ ಹಕ್ಕು ಎಂದು ಹೇಳಿತು. ಆದರೆ ನಿಧಿಯಾಗಲಿ ಹಕ್ಕಾಗಲಿ ಹೆಸರು ಬರೆಸಿದವರಿಗೆ ಮಾತ್ರ ಸಿಗುವುದು. ಸುಗ್ಗಿಗೆ ಹೋದವನ ಹೆಸರು ತನ್ನ ಊರಿನಲ್ಲಿ 'ಗೈರು', ಹೋದ ಊರಿನಲ್ಲಿ ಇಲ್ಲವೇ ಇಲ್ಲ.

ಇದನ್ನು ಕಾಸರಗೋಡಿನವರಿಗೆ ನಾನು ವಿವರಿಸಿ ಹೇಳುವುದು ಅಧಿಕಪ್ರಸಂಗ. ಎಣ್ಮಕಜೆಯ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ನೀವು ಕಂಡಿದ್ದೀರಿ. ಗೇರುಬೀಜದ ಲಾಭ ಒಬ್ಬರಿಗೆ, ತೊಟ್ಟಿಲಿನ ದುಃಖ ಮತ್ತೊಬ್ಬರಿಗೆ. ಆಗ ಪತ್ರಕರ್ತ ಶ್ರೀ ಪಡ್ರೆ, ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮೊದಲಾದವರು ಮನೆಮನೆಯ ಕಾಯಿಲೆಯ ಲೆಕ್ಕ ಬರೆದಿಟ್ಟರು. ಕನ್ನಡ, ತುಳು, ಮಲಯಾಳ ಮಾತಾಡುವವರೆಲ್ಲ ಒಟ್ಟಿಗೆ ನಿಂತರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಹೋರಾಟದಿಂದ ನಿಮ್ಮ ಕನ್ನಡ ಬಡವಾಗಲಿಲ್ಲ. ನೆರೆಯವರಿಗೆ ಬೇಕಾದ ಮಾತನ್ನು ಮೊದಲು ಬರೆದದ್ದರಲ್ಲಿ ಕನ್ನಡಕ್ಕೆ ಪಾಲಿದೆ ಎಂಬುದು ಸಣ್ಣ ಗೌರವವಲ್ಲ.

ನಾನೀಗ ನಿವೃತ್ತ. ಕಳೆದ ವರ್ಷ ನಾವು ನಾಲ್ಕಾರು ಜನ ಸ್ವಂತ ಖರ್ಚಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಒಂದು ನೋಟ್‌ಪುಸ್ತಕ ತುಂಬಿಸಲು ತೊಡಗಿದೆವು. ಯಾವ ಮನೆಯವರು, ಎಷ್ಟು ಎಕರೆ ಹೊಲ, ಯಾವ ತಿಂಗಳು ಹೊರಟರು, ಎಲ್ಲಿಗೆ, ಶಾಲೆ ಬಿಟ್ಟ ಮಕ್ಕಳೆಷ್ಟು. ಒಂದು ಪುಟ ಕನ್ನಡದಲ್ಲಿ, ಎದುರು ಪುಟ ತೆಲುಗಿನಲ್ಲಿ. ಹೊಳಗುಂದದ ಆ ರೈತರ ಮನೆಗೂ ಹೋದೆ. ಬೀಗ ಹಾಕಿತ್ತು. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. "ಸುಗ್ಗಿಗೆ ಹೋಗ್ಯಾರಪ್ಪ, ಮಗನೂ ಸೊಸೀನೂ ಕೂಸಿನ್ನ ಕರ್ಕೊಂಡು" ಎಂದಳು. ಗೈರು ಎಂದು ನಾನು ಬರೆದ ಹುಡುಗ ಈಗ ಒಂದು ಕೂಸಿನ ತಂದೆ. ಆ ಕೂಸು ಮುಂದಿನ ಜೂನಿಗೆ ಒಂದನೆಯ ತರಗತಿಗೆ ಸೇರಬೇಕಾದದ್ದು. ನಾನು ಹೊಸ್ತಿಲ ಮೇಲೆ ಕುಳಿತು, ಎರಡೂ ಪುಟಗಳಲ್ಲಿ ಅದರ ಹೆಸರನ್ನು ಬರೆದುಕೊಂಡೆ.